ಹರಕೆಯಲ್ಲ, ಒಡಂಬಡಿಕೆ

ಪ್ರಶ್ನೆ: ನಮ್ಮ ಸಂಡೇ ಸ್ಕೂಲಿನಲ್ಲಿ 13ರಿಂದ 16 ವಯಸ್ಸಿನ ಮಕ್ಕಳಿದ್ದಾರೆ. ನೋಹ, ಅಬ್ರಹಾಮ, ಮೋಶೆ, ದಾವೀದ ಎಂದು ದೇವರು ಮಾಡಿಕೊಂಡ ಒಡಂಬಡಿಕೆಗಳನ್ನು (ಒಪ್ಪಂದಗಳನ್ನು) ಪಟಪಟನೆ ಒಪ್ಪಿಸುತ್ತಾರೆ. ಆದರೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೇಗೆ ಸಿಗುತ್ತದೆ ಎಂದರೆ ‘ಹತ್ತು ಆಜ್ಞೆ ಪಾಲಿಸಿದರೆ’ ಅನ್ನುತ್ತಾರೆ. ನಾನು ಎಲ್ಲಿ ಎಡವುತ್ತಿದ್ದೇನೆ?
– ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಪಟ್ಟಿಯಲ್ಲೇ ಎಡವಿದ್ದೀರಿ. ಮಕ್ಕಳಿಗೆ ಒಡಂಬಡಿಕೆ ಅಂದರೆ ಸತ್ಯವೇದದ (ಬೈಬಲಿನ) ಒಂದು ಭಾಗದ ಹೆಸರು, ಇಲ್ಲವೇ ಹರಕೆಯಂಥದ್ದು: ‘ಎಸ್ಸೆಸ್ಸೆಲ್ಸಿ ಪಾಸು ಮಾಡಿಸು, ಕಾಣಿಕೆ ಹಾಕುತ್ತೇನೆ.’ ಹರಕೆಯಲ್ಲಿ ಮೊದಲು ಬಾಯಿ ಬಿಡುವವರು ನಾವು. ಒಡಂಬಡಿಕೆಯಲ್ಲಿ ದೇವರು.

ಒಂದು ಇಡೀ ಭಾನುವಾರ ಆದಿಕಾಂಡ 15ಕ್ಕೇ ಕೊಡಿ. ದೇವರು ಅಬ್ರಾಮನೊಂದಿಗೆ (ಮುಂದೆ ಅಬ್ರಹಾಮ ಎನಿಸಿದವನು) ಒಡಂಬಡಿಕೆ ಮಾಡಿಕೊಂಡ ಅಧ್ಯಾಯ ಅದು; ದೇವರು ಹೇಳಿದಂತೆ ಅವನು ಪ್ರಾಣಿಗಳನ್ನು ಕಡಿದು ಹೋಳುಗಳನ್ನು ಎದುರುಬದುರಾಗಿಟ್ಟ. ಮೂರು ಡ್ರಾಯಿಂಗ್ ಹಾಳೆಗಳ ಮೇಲೆ ಕಡಸು, ಆಡು, ಟಗರು ಎಂದು ಬರೆದು ನಡುವೆ ಕತ್ತರಿಸಿ, ಎದುರುಬದುರಾಗಿ ನೆಲದ ಮೇಲಿಡಿ. ಬೆಳವಕ್ಕಿ, ಪಾರಿವಾಳದ ಚೀಟಿಗಳನ್ನು ಕತ್ತರಿಸಬೇಡಿ. ಅಬ್ರಾಮನೂ ಹಕ್ಕಿಗಳನ್ನು ಕಡಿಯಲಿಲ್ಲ. ನಡುವೆ ಒಬ್ಬರು ನಡೆಯುವಷ್ಟು ದಾರಿ ಇರಲಿ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಕತ್ತರಿಸುವುದು’ ಎಂದೇ ಹೇಳುತ್ತಾರೆ. ಹೋಳುಗಳ ನಡುವೆ ಹಾದವನು ‘ಮಾತು ತಪ್ಪಿದರೆ ನನಗೂ ಇದೇ ಗತಿ’ ಎಂದು ಒಪ್ಪಿಕೊಂಡ ಹಾಗೆ. ಯೆರೆಮೀಯ 34:18 ಓದಿಸಿದರೆ ಇದು ತಿಳಿಯುತ್ತದೆ. ಈಗ ಕೇಳಿ: ಇಲ್ಲಿ ಯಾರು ನಡೆಯಬೇಕು? ‘ಇಬ್ಬರೂ’ ಅನ್ನುತ್ತಾರೆ. ಆಮೇಲೆ 12 ಮತ್ತು 17ನೇ ವಚನ ಓದಿಸಿ. ಹಾದುಹೋದದ್ದು ಹೊಗೆಯಾಡುವ ಒಲೆ, ಉರಿಯುವ ಪಂಜು, ಅಂದರೆ ದೇವರ ಗುರುತು ಮಾತ್ರ. ಅಬ್ರಾಮನಿಗೆ ಗಾಢನಿದ್ರೆ. ಇಲ್ಲಿ ವಿವರಿಸಲು ಆತುರಪಡಬೇಡಿ, ಒಂದು ನಿಮಿಷ ಸುಮ್ಮನಿರಿ.

ಮುಂದಿನ ವಾರ ಬೋರ್ಡಿನ ಮೇಲೆ ಎರಡೇ ಅಂಕಿ: 14, 20. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡುಗಡೆಯಾಗಿ ಸಮುದ್ರ ದಾಟಿದ್ದು 14ನೇ ಅಧ್ಯಾಯದಲ್ಲಿ, ಹತ್ತು ಆಜ್ಞೆಗಳು ಬಂದದ್ದು 20ರಲ್ಲಿ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. 19:5ರಲ್ಲಿ ‘ಪಾಲಿಸಿದರೆ’ ಎಂಬ ಷರತ್ತಿದೆ, ಅದನ್ನು ಮುಚ್ಚಿಡಬೇಡಿ. ಚುರುಕಾದ ಹುಡುಗ ಹೇಗೂ ಹಿಡಿಯುತ್ತಾನೆ. ಆ ಷರತ್ತನ್ನು ಇಸ್ರಾಯೇಲ್ಯರು ಮುರಿದರು, ಅದಕ್ಕೇ ಹೊಸ ಒಡಂಬಡಿಕೆ ಎನ್ನುತ್ತದೆ ಯೆರೆಮೀಯ 31:31-34. ಈ ಭಾಗವನ್ನು ಕರ್ತನ ಭೋಜನವಿರುವ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ) ಭಾನುವಾರಕ್ಕೆ ಇಟ್ಟುಕೊಂಡರೆ, ಯೇಸು ‘ಹೊಸ ಒಡಂಬಡಿಕೆ’ ಎಂದು ಕರೆದ ಲೂಕ 22:20ರ ಪಾತ್ರೆ ಮಕ್ಕಳ ಕಣ್ಣೆದುರೇ ಇರುತ್ತದೆ.

ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9 ಬಾಯಿಪಾಠ ಮಾಡಿಸುವಾಗ, ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿಸಲಾಗಿದೆ ಎನ್ನುವ 10ನ್ನು ಬಿಡಬೇಡಿ. 9ಕ್ಕೇ ನಿಲ್ಲಿಸಿದರೆ ‘ಹಾಗಾದರೆ ಏನು ಮಾಡಿದರೂ ನಡೆಯುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಪಾಠದ ಕೊನೆಗೆ ‘ಯಾರು ನಂಬುತ್ತೀರಿ, ಕೈ ಎತ್ತಿ’ ಅನ್ನುವುದೂ ಬೇಡ. ಈ ವಯಸ್ಸಿನಲ್ಲಿ ಪಕ್ಕದವನು ಎತ್ತಿದ ಅಂತ ಎತ್ತುತ್ತಾರೆ.

ಪ್ರಶ್ನೆ: ನಂಬಿದ ಮೇಲೂ ಪಾಪ ಮಾಡಿದರೆ ರಕ್ಷಣೆ ಹೋಗುತ್ತದಾ ಎಂದು ಒಬ್ಬ ಹುಡುಗಿ ಕೇಳಿದಳು. ಏನು ಹೇಳಲಿ?
– ಶಿಕ್ಷಕ, ಮೈಸೂರು

ಉತ್ತರ: ರಕ್ಷಣೆಯನ್ನು ಕಳೆದುಕೊಳ್ಳಬಹುದೇ ಎಂಬುದರಲ್ಲಿ ಸಭೆಗಳಿಗೇ ಒಮ್ಮತವಿಲ್ಲ, ನಿಮ್ಮ ಸಭೆಯ ಬೋಧನೆ ಏನೆಂದು ಪಾಸ್ಟರರನ್ನು ಕೇಳಿಕೊಂಡೇ ಉತ್ತರಿಸಿ. ಆದರೆ ಆಕೆಯನ್ನು ಅಲ್ಲಿಯವರೆಗೆ ಕಾಯಿಸಬೇಡಿ. ಇಂಥ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಯಾವುದೋ ಒಂದು ತಪ್ಪಿನ ಭಯವಿರುತ್ತದೆ. ಪಾಪವನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಜೊತೆಯಲ್ಲಿ ಕೂತು ಓದಿ. ತಪ್ಪು ಯಾವುದೆಂದು ಕೆದಕಬೇಡಿ.