ಮಗುವಿನ ಬುಗುರಿ ಬೀಳುತ್ತಲೇ ಇದ್ದರೆ ನಾವೇ ಆಡಿಸಿ ಕೊಡಬಹುದೇ?

ಒಮ್ಮೆ ತೋರಿಸಿ, ಆಮೇಲೆ ಸುಮ್ಮನಿದ್ದುಬಿಡಿ. ಕೈಗೆ ವಿದ್ಯೆ ಕೂರುವುದು ತಪ್ಪುಗಳಿಂದಲೇ. ಚಾಟಿ ಸಡಿಲವಾಗಿ ಸುತ್ತಿದರೆ ಬುಗುರಿ ತಿರುಗದೆ ಉರುಳುತ್ತದೆ. ಎಸೆಯುವಾಗ ಮಣಿಕಟ್ಟು ಹೊರಳಿದರೆ ಮೊಳೆ ಮೇಲಾಗಿ ಬೀಳುತ್ತದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಹಿಡಿದೇ ಕಿರುಮೆದುಳು, ಅಂದರೆ ತಲೆಯ ಹಿಂಭಾಗದಲ್ಲಿ ಚಲನೆಯನ್ನು ಹದಗೊಳಿಸುವ ಭಾಗ, ಮುಂದಿನ ಎಸೆತವನ್ನು ತಿದ್ದುತ್ತದೆ. ನೀವೇ ಆಡಿಸಿಕೊಟ್ಟರೆ ಅದಕ್ಕೆ ತಿದ್ದಲು ಏನೂ ಸಿಗುವುದಿಲ್ಲ. ಅಳು ಬರುವಷ್ಟು ಸಾಕಾಗಿದ್ದರೆ ಮಾತ್ರ ಅವತ್ತಿಗೆ ನಿಲ್ಲಿಸಿ.

ಪಟ್ಟು ಹಿಡಿಯುವುದು ಬರೀ ಹುಟ್ಟುಗುಣವೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರು ಡಬ್ಬಿಯಿಂದ ಆಟಿಕೆ ತೆಗೆಯಲು ಹೆಣಗಿದ್ದನ್ನು ನೋಡಿದ 13ರಿಂದ 18 ತಿಂಗಳ ಕೂಸುಗಳು, ಸಲೀಸಾಗಿ ತೆಗೆದದ್ದನ್ನು ನೋಡಿದವಕ್ಕಿಂತ ಹೆಚ್ಚು ಸಲ ತಮ್ಮ ಆಟಿಕೆಯ ಕೆಲಸ ಮಾಡದ ಗುಂಡಿಯನ್ನು ಒತ್ತಿ ನೋಡಿದವು.