ಟರಾಂಟುಲಾ ಮರಿ ಬಿಲ ಮುಚ್ಚಿಕೊಂಡು ಕುಳಿತಿದೆ, ಅಗೆದು ನೋಡಬಹುದೇ?

ಹಾಸನದ ಮನೆಯಲ್ಲಿ ತಾವು ಸಾಕುತ್ತಿರುವ ಮೆಕ್ಸಿಕನ್ ರೆಡ್ ನೀ ಎಂಬ ಜಾತಿಯ ಟರಾಂಟುಲಾದ (ಮೈತುಂಬ ರೋಮವಿರುವ ದೊಡ್ಡ ಜೇಡ) ಅರ್ಧ ಇಂಚಿನ ಮರಿಯು ಹತ್ತು ದಿನಗಳಿಂದ ಏನನ್ನೂ ತಿಂದಿಲ್ಲ, ಬಿಲದ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿಕೊಂಡಿದೆ, ಅಗೆದು ನೋಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಅಗೆಯಬೇಡಿ. ಬಹುತೇಕ ಅದು ಪೊರೆ ಬಿಡುವ ಸಿದ್ಧತೆಯಲ್ಲಿದೆ. ಬಿಲ ಮುಚ್ಚುವ ಮೊದಲು ಅದರ ಹೊಟ್ಟೆ ಉಬ್ಬಿ, ಕಪ್ಪಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಅನುಮಾನವೇ ಬೇಡ. ಹೊಟ್ಟೆ ತುಂಬಿದ ಮರಿಯು ವಾರಗಟ್ಟಲೆ ಉಪವಾಸವಿರಬಲ್ಲದು.

ನಾನು ಚಿಕ್ಕಮಗಳೂರಿನವನು. ಇದೇ ಜಾತಿಯ ಜೇಡವೊಂದು ಆರು ವರ್ಷಗಳಿಂದ ನನ್ನ ಬಳಿ ಇದೆ. ಅದಕ್ಕೂ ಹಿಂದಿನ ಮರಿಯನ್ನು ಕೊಂದದ್ದು ನನ್ನ ಅತಿಯಾದ ಕಾಳಜಿ. ಮರಿಗೆ ತೇವ ಬೇಕೆಂದು ಎಲ್ಲೋ ಓದಿ, ಗೋಡೆಯೇ ಬೆವರುವ ನಮ್ಮ ಜುಲೈ ಮಳೆಯಲ್ಲೂ ದಿನಕ್ಕೆರಡು ಬಾರಿ ನೀರು ಚಿಮುಕಿಸಿದೆ. ಮುಚ್ಚಳಕ್ಕೆ ಮಾಡಿದ್ದು ಮೂರೇ ತೂತು. ವಾರದೊಳಗೆ ಮಣ್ಣಿನ ಮೇಲೆ ಹತ್ತಿಯಂತೆ ಬೂಷ್ಟು ಹರಡಿತು, ಮರಿ ಡಬ್ಬಿಯ ಗೋಡೆ ಏರಿ ಮುಚ್ಚಳದ ಬಳಿಯೇ ಉಳಿಯಿತು. ಅದು ಗಾಳಿಯಿರುವ ಒಣ ಜಾಗವನ್ನು ಹುಡುಕುತ್ತಿದೆ ಎಂಬುದು ನನಗೆ ಹೊಳೆದದ್ದು ಅದು ಸತ್ತ ಮೇಲೆ.

ಆದ್ದರಿಂದ ಮುಂದೆ ಡಬ್ಬಿ ಸಿದ್ಧಪಡಿಸುವಾಗ ಅದರ ಪಕ್ಕದಲ್ಲೂ ಮುಚ್ಚಳದಲ್ಲೂ ಬಿಸಿ ಸೂಜಿಯಿಂದ ಹತ್ತಾರು ತೂತು ಮಾಡಿ, ಆದರೆ ಮರಿಯ ತಲೆಭಾಗ ತೂರದಷ್ಟು ಸಣ್ಣದಾಗಿರಲಿ. ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಎರಡು ಇಂಚು ಹಾಕಿ. ನರ್ಸರಿಯಿಂದ ತಂದದ್ದಾದರೆ ಗೊಬ್ಬರ ಬೆರೆಸಿಲ್ಲವೆಂದು ಖಚಿತಪಡಿಸಿಕೊಳ್ಳಿ. ಈಗ ಒಂದು ಮೂಲೆಗೆ ಮಾತ್ರ ನಾಲ್ಕೈದು ಹನಿ ನೀರು ಬಿಟ್ಟು, ಉಳಿದದ್ದನ್ನು ಒಣಗಿರಲು ಬಿಡಿ. ಚಳಿಗಾಲಕ್ಕೆಂದು ಬಲ್ಬಿನ ಶಾಖ ಕೊಡುವವರಿದ್ದಾರೆ. ಇಷ್ಟು ಸಣ್ಣ ಜೀವಿ ಅದರಿಂದ ಬೇಗ ಒಣಗುತ್ತದೆ. ಡಬ್ಬಿಯನ್ನು ಒಳಕೋಣೆಯ ಕಪಾಟಿನಲ್ಲಿಟ್ಟರೆ ಸಾಕು. ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಕೀಟನಾಶಕ ಸ್ಪ್ರೇ, ಇರುವೆ ಚಾಕ್ ಯಾವುದೂ ಬೇಡ, ಏಕೆಂದರೆ ಜಿರಳೆಯನ್ನು ಕೊಲ್ಲುವ ವಿಷ ಜೇಡವನ್ನೂ ಕೊಲ್ಲುತ್ತದೆ. ಇರುವೆಯ ಕಾಟವಿದ್ದರೆ ನೀರು ತುಂಬಿದ ತಟ್ಟೆಯ ನಡುವೆ ಡಬ್ಬಿಯನ್ನಿಡಿ, ನಮ್ಮಲ್ಲಿ ಬೆಲ್ಲದ ಡಬ್ಬಿಯನ್ನು ಇಡುವ ಹಾಗೆ.

ಮರಿ ಅಂಗಾತ ಮಲಗಿದ್ದು ಕಂಡರೆ ಸತ್ತಿತೆಂದು ಎಸೆಯಬೇಡಿ. ಪೊರೆ ಬಿಡುವ ಭಂಗಿಯೇ ಅದು, ಆಗ ಡಬ್ಬಿಯನ್ನು ಅಲುಗಿಸಲೂ ಕೂಡದು. ಭಯಪಡಬೇಕಾದದ್ದು ಅದು ನೆಟ್ಟಗೆ ಕುಳಿತೇ ಕಾಲುಗಳನ್ನೆಲ್ಲ ಹೊಟ್ಟೆಯಡಿ ಮುದುರಿಕೊಂಡಾಗ. ಜೇಡದ ಕಾಲಿನ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುಗಳಿಲ್ಲ, ಒಳಗಿನ ದ್ರವದ ಒತ್ತಡದಿಂದಲೇ ಅವು ಚಾಚಿಕೊಳ್ಳುತ್ತವೆ. ನೀರು ಕಡಿಮೆಯಾದರೆ ಕಾಲು ಮುದುರುತ್ತದೆ. ಆಗ ಬಾಯಿಯ ಬಳಿ ಒಂದು ಹನಿ ನೀರು ಇಡಬೇಕು.

ತಾವು ಕೇಳದ ಒಂದು ವಿಷಯ: ಈ ಜಾತಿಯು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂತಹ ಜೀವಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರಿದವರಿಂದ ಕಾಗದಪತ್ರ ಪಡೆದಿಲ್ಲವಾದರೆ ಇಂದೇ ಕೇಳಿ. ಮೂಡಿಗೆರೆ ಕಡೆಯ ರಸ್ತೆಬದಿಯ ಧರೆಗಳಲ್ಲಿ ಕಾಣುವ ನಮ್ಮದೇ ಘಟ್ಟದ ಟರಾಂಟುಲಾಗಳನ್ನಂತೂ ಹಿಡಿದು ತರಬೇಡಿ. ಕಾಫಿ ತೋಟದ ಹುಳುಗಳನ್ನು ಮರಿಗೆ ತಿನ್ನಿಸುವುದೂ ಬೇಡ, ಅವುಗಳ ಮೈಯಲ್ಲಿ ಸಿಂಪಡಣೆಯ ಔಷಧಿ ಇರಬಹುದು.

ಪೊರೆ ಬಿಟ್ಟ ಮೇಲೆ ಮರಿ ತಾನಾಗಿಯೇ ಬಾಗಿಲು ತೆರೆಯುತ್ತದೆ. ಆಗ ಅದರ ಕೋರೆಗಳು ಬೆಳ್ಳಗೆ, ಮೆತ್ತಗೆ ಇರುತ್ತವೆ. ಜೀವಂತ ಹುಳುವನ್ನು ಬಿಟ್ಟರೆ ಹುಳುವೇ ಮರಿಯನ್ನು ಕಚ್ಚೀತು. ಒಂದು ವಾರ ತಡೆದು, ಕೋರೆ ಕಪ್ಪಾದ ಮೇಲೆ, ಕೊಂದ ಕ್ರಿಕೆಟ್ ಹುಳುವಿನ ಒಂದು ಕಾಲನ್ನು ಬಿಲದ ಬಾಯಿಗೆ ಇಡಿ. ಮರುದಿನವೂ ಮುಟ್ಟದಿದ್ದರೆ ಅದನ್ನು ತೆಗೆದು, ನಾಲ್ಕು ದಿನ ಬಿಟ್ಟು ಮತ್ತೆ ಕೊಡಿ.