ಮಷೀನು ಫ್ರೀ, ಕಾಯೋದೇ ಕಷ್ಟ

ನಿಮ್ಮ ಮನೆಯವರ ಎಡಗಿವಿಯ ಮಷೀನು ಕೆಟ್ಟಿದೆ, ಇಂಗ್ಲೆಂಡಿಗೆ ಬಂದಮೇಲೆ ಹೊಸದು ಸಿಗುತ್ತಾ, ಎಷ್ಟು ಖರ್ಚಾಗುತ್ತೆ ಅಂತ ಕೇಳಿದ್ದೀರಿ. ನಾನೂ ಹದಿನಾಲ್ಕು ವರ್ಷದಿಂದ ಇಲ್ಲಿ ಎರಡೂ ಕಿವಿಗೆ ಮಷೀನು ಹಾಕಿಕೊಂಡೇ ಓಡಾಡುವವಳು.

ಖರ್ಚಿನ ಚಿಂತೆ ಬಿಡಿ. ವೀಸಾ ಜೊತೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀರಲ್ಲ, ಅದರಲ್ಲೇ ಬಂತು. ಎನ್‌ಎಚ್‌ಎಸ್‌ನವರು, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು, ಮಷೀನನ್ನು ಎರವಲಾಗಿ ಕೊಡುತ್ತಾರೆ. ಬ್ಯಾಟರಿ, ರಿಪೇರಿಗೂ ದುಡ್ಡಿಲ್ಲ.

ಕಷ್ಟ ಇರುವುದು ಕಾಯುವುದರಲ್ಲಿ. 6 ವಾರದೊಳಗೆ ಪರೀಕ್ಷೆ ಆಗಬೇಕು ಅನ್ನುವುದು ಲೆಕ್ಕ. ನನಗೆ ಐದು ತಿಂಗಳು ಹಿಡಿಯಿತು. ಯಾಕೆ ಗೊತ್ತಾ? ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿದ್ದರಂತೆ, ನಾನು ಎತ್ತಲಿಲ್ಲವಂತೆ, ಹೆಸರು ತೆಗೆದುಹಾಕಿದರು. ಕಿವಿ ಕೇಳಲ್ಲ ಅಂತ ಬಂದವಳಿಗೆ ಫೋನ್! ಮತ್ತೆ ಮೊದಲಿಂದ ಶುರು. ಕೊನೆಗೆ ಹೋದರೆ ಕಿವಿಯಲ್ಲಿ ಗುಗ್ಗೆ ತುಂಬಿದೆ, ತೆಗೆಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು.

ಅದಕ್ಕೇ ಬಂದ ವಾರವೇ ಜಿಪಿ, ಅಂದರೆ ಆಸ್ಪತ್ರೆಗೆ ಚೀಟಿ ಬರೆದುಕೊಡುವ ಮನೆ ಹತ್ತಿರದ ಡಾಕ್ಟರ ಹತ್ತಿರ ಹೆಸರು ಬರೆಸಿ. 'ಫೋನ್ ಬೇಡ, ಮೆಸೇಜ್ ಇಲ್ಲವೇ ಪತ್ರ ಕಳಿಸಿ' ಅಂತ ಅವರ ದಾಖಲೆಯಲ್ಲಿ ಹಾಕಿಸಿ. ಇಂಗ್ಲೆಂಡಿನಲ್ಲಿ 2016ರಿಂದ ಅವರು ಅದನ್ನು ಪಾಲಿಸಲೇಬೇಕು. ಕೇಳದಿದ್ದರೆ ಯಾರೂ ತಾವಾಗಿ ಮಾಡಲ್ಲ. ಕಿವಿಯ ಗುಗ್ಗೆಯನ್ನು ಮೊದಲೇ ತೋರಿಸಿಕೊಳ್ಳಿ, ಕೆಲವು ಜಿಪಿಗಳು ಅದನ್ನು ತೆಗೆಯಲ್ಲ. ಯಾರಾದರೂ ತಮ್ಮ ಸರದಿಗೆ ಬರದೇ ಹೋದರೆ ಆ ಜಾಗಕ್ಕೆ ತಕ್ಷಣ ಬರ್ತೀವಿ ಅಂತ ಆಸ್ಪತ್ರೆಗೂ ತಿಳಿಸಿಡಿ.

ಎಷ್ಟೋ ಊರುಗಳಲ್ಲಿ ವಯಸ್ಸಾದವರು ಜಿಪಿ ಚೀಟಿ ಇಲ್ಲದೆ ನೇರವಾಗಿ ಕಿವಿ ಪರೀಕ್ಷೆಗೆ ಹೋಗಬಹುದು. ಸ್ಪೆಕ್‌ಸೇವರ್ಸ್‌ನಂಥ ಕನ್ನಡಕದ ಅಂಗಡಿಯಲ್ಲೂ ಕೆಲವು ಕಡೆ ಎನ್‌ಎಚ್‌ಎಸ್ ಮಷೀನು ಸಿಗುತ್ತೆ. ಚಿಕ್ಕ ವಯಸ್ಸಿನವರನ್ನು ಮಾತ್ರ ಸಾಮಾನ್ಯವಾಗಿ ಜಿಪಿ ಬಾಗಿಲಿಂದಲೇ ಕಳಿಸುತ್ತಾರೆ. ಆ ಒಂದು ಹಂತ ಎಲ್ಲರಿಗೂ ತೆಗೆದರೆ ಎಷ್ಟೋ ವಾರ ಉಳಿಯುತ್ತೆ ಅನ್ನುವುದು ನನ್ನ ಹಳೇ ಗೊಣಗಾಟ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಆಗಿದೆ ಅಂದಿರಲ್ಲ, ಆ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸುವ ನಕ್ಷೆ, ತನ್ನಿ. ಇಲ್ಲಿ ಮತ್ತೆ ಪರೀಕ್ಷೆ ಮಾಡೇ ಮಾಡುತ್ತಾರೆ, ಆದರೂ ಜಿಪಿ ಮುಂದೆ ಇಡಲು ಒಂದು ಕಾಗದ ಇರುತ್ತೆ. ಬಲಗಿವಿಯದು ನಡೀತಿದೆ ತಾನೇ? ಅದರ ಬ್ಯಾಟರಿ ನಾಲ್ಕೈದು ಪ್ಯಾಕೆಟ್ ಜಾಸ್ತಿ ತನ್ನಿ. ಸ್ಟಿಕ್ಕರ್ ಕಂದು ಬಣ್ಣದ್ದಾದರೆ 312, ಕಿತ್ತಳೆಯಾದರೆ 13. ತಪ್ಪು ಸೈಜ್ ತಂದುಬಿಟ್ಟೀರಿ!